ಹದಿನೇಳನೆಯ ಮನೆ

ಫೆಬ್ರವರಿ 5, 2022, ಶನಿವಾರ

ಸಮೀಕ್ಷೆಯ ಟಿಪ್ಪಣಿಗೆ ಬೇರೆ ಪುಸ್ತಕವಿದೆ. ಅದರಲ್ಲಿ ನನ್ನ ಕಾಲುನೋವಿಗೂ ಬೇಸರಕ್ಕೂ ಜಾಗವಿಲ್ಲ. ಅದಕ್ಕೇ ಇದನ್ನು ಶುರು ಮಾಡಿದ್ದೇನೆ. ಗಂಡ ಅಸೇಲ ಮೆಲ್ಬರ್ನ್‌ಗೆ ಹೋಗಿ ಎರಡು ವರ್ಷವಾಯಿತು. ಬೆನ್ನಿಗೇ ನಾನೂ ಹೋಗಬೇಕಿತ್ತು. ಮೊದಲು ಕೊರೋನಾ ಅಡ್ಡ ಬಂತು, ಆಮೇಲೆ ನನ್ನ ಪಿಎಚ್‌ಡಿ. ಮೊದಮೊದಲು ದಿನದ ಕತೆಯನ್ನೆಲ್ಲ ಫೋನಿನಲ್ಲಿ ಅವನಿಗೆ ಒಪ್ಪಿಸುತ್ತಿದ್ದೆ. ಈಗ ಭಾನುವಾರ ಮಾತ್ರ ಕರೆ ಮಾಡುತ್ತಾನೆ, ಅಷ್ಟರಲ್ಲಿ ಸೋಮವಾರದ್ದೂ ಬುಧವಾರದ್ದೂ ಹಳಸಿರುತ್ತವೆ.

ಇವತ್ತು ಸಮೀಕ್ಷೆಯ ಮೂರನೆಯ ಸುತ್ತು ಶುರುವಾಯಿತು. ಕೊಲಂಬೊದಿಂದ ದೂರದ ಈ ಗಂಪೊಲ ಪೇಟೆಯ ತಾಯಂದಿರು ಹಾಲಿನ ಪುಡಿಯನ್ನು ಹೇಗೆ ಆರಿಸುತ್ತಾರೆ ಎಂಬುದು ನನ್ನ ವಿಷಯ. ನಲವತ್ತು ಮನೆಗಳು. ಪ್ರತಿ ಮನೆಯಲ್ಲೂ ಚಾಪೆಯ ಮೇಲೆ ಕಾರ್ಡುಗಳನ್ನು ಹರಡುತ್ತೇನೆ. ಒಂದೊಂದರಲ್ಲೂ ಒಂದು ಪೊಟ್ಟಣದ ಚಿತ್ರ, ತೂಕ, ಬೆಲೆ, ನಮ್ಮ ದೇಶದ್ದೋ ಹೊರಗಿನದ್ದೋ ಎಂಬ ವಿವರ. ಅವರು ತಮ್ಮ ಇಷ್ಟದ ಪ್ರಕಾರ ಜೋಡಿಸಬೇಕು. ಆಮೇಲೆ, ನಿಜವಾಗಿ ಯಾವುದನ್ನು ಕೊಂಡಿರಿ ಎಂದು ಕೇಳುತ್ತೇನೆ. ಇಷ್ಟಕ್ಕೂ ಕೊಂಡದ್ದಕ್ಕೂ ನಡುವೆ ಎಷ್ಟು ದೂರ ಎಂಬುದೇ ನನ್ನ ಪ್ರಬಂಧ. ಹೊರಡುವಾಗ ಕೈಗೆ ಒಂದು ಸೋಪು ಕೊಡುತ್ತೇನೆ.

ಹದಿನೇಳನೆಯ ಮನೆಯದು ಮತ್ತೆ ಕಿರಿಕಿರಿ. ರೈಲುಹಳಿಯ ಮೇಲಿನ ದಿಬ್ಬದಲ್ಲಿರುವ ಆಟೊ ಓಡಿಸುವವನ ಮನೆ ಅದು. ಅವನ ಹೆಂಡತಿ ಈ ಸಲವೂ ಎಲ್ಲಕ್ಕಿಂತ ದುಬಾರಿಯಾದದ್ದನ್ನೇ ಮೊದಲಿಗಿಟ್ಟಳು. ಅಡುಗೆಮನೆಯ ಹಲಗೆಯ ಮೇಲೆ ಇರುವುದು ಎಲ್ಲಕ್ಕಿಂತ ಅಗ್ಗದ್ದು. ಸ್ವಲ್ಪ ಬೆಲೆಯನ್ನೂ ನೋಡಿ ಜೋಡಿಸಿ ಎಂದೆ.

“ನೀವು ಕೇಳಿದ್ದು ಯಾವ್ದು ಇಷ್ಟ ಅಂತ ಮಿಸ್, ಯಾವ್ದು ತಗೋತೀಯ ಅಂತಲ್ಲ,” ಎಂದಳು. “ಕಾರ್ಡಲ್ಲೂ ನಾನು ಕಡಿಮೇದನ್ನೇ ತಗೋಬೇಕಾ?”

ಒಳಗಿನಿಂದ ಅವಳ ಅತ್ತೆ ನಕ್ಕದ್ದು ಕೇಳಿಸಿತು. ನಾನು ನಗಲಿಲ್ಲ. ಇಂಥವರಿಂದಲೇ ಅಂಕಿಅಂಶಗಳು ಕೆಡುವುದು.

ಫೆಬ್ರವರಿ 20, ಭಾನುವಾರ

ಅಸೇಲ ಕರೆ ಮಾಡಿದ. ಪ್ರಬಂಧ ಎಲ್ಲಿಗೆ ಬಂತು ಎಂದು ಕೇಳಿದ. ಹೇಳುತ್ತಿದ್ದಾಗ ಅವನ ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದು. ಮನೆ ಹಂಚಿಕೊಂಡವರು ಎಂದ. ಬೇಗ ಮುಗಿಸಿ ಬಾ ಎಂದ. ವರ್ಷದ ಕೊನೆಗೆ ಖಂಡಿತ ಎಂದೆ. ಅಲ್ಲಿ ಸೆಕೆಯಂತೆ.

ಪೇಟೆಯಲ್ಲಿ ಹಾಲಿನ ಪುಡಿ ಬೇಕಾದರೆ ಜೊತೆಗೆ ಚಹಾಪುಡಿಯನ್ನೂ ಕೊಳ್ಳಲೇಬೇಕು ಎನ್ನುತ್ತಿದ್ದಾರಂತೆ ಅಂಗಡಿಯವರು. ಇದು ಆಯ್ಕೆಯ ಮೇಲೆ ಏನು ಪರಿಣಾಮ ಮಾಡುತ್ತದೆ ಎಂದು ನೋಡಬೇಕು. ಒಳ್ಳೆಯ ಅಂಶ.

ಮಾರ್ಚ್ 19, ಶನಿವಾರ

ನಾಲ್ಕನೆಯ ಸುತ್ತು. ಸರಕಾರದ ಬಳಿ ಡಾಲರಿಲ್ಲದೆ ಸರಕಿನ ಹಡಗುಗಳು ಬರುತ್ತಿಲ್ಲವಂತೆ. ಏನು ಕೊಂಡಿರಿ ಎಂಬ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಒಂದೇ ಉತ್ತರ: ಸಿಗಲಿಲ್ಲ. ಆ ಉತ್ತರವನ್ನು ಎಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ. ಸೊನ್ನೆ ಹಾಕಿದರೆ ಇಷ್ಟವಿಲ್ಲ ಎಂದಾಗುತ್ತದೆ. ಖಾಲಿ ಬಿಟ್ಟೆ.

ಹದಿನೇಳನೆಯ ಮನೆಯಲ್ಲಿ ಆದದ್ದನ್ನು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ.

ಜಗುಲಿಯಲ್ಲಿ ಕಾರ್ಡುಗಳನ್ನು ಹರಡಿದ್ದೆ. ಅವರ ಮಗು, ನಾಲ್ಕು ವರ್ಷದ್ದಿರಬೇಕು, ಬಂದು ಕುಕ್ಕರಗಾಲಿನಲ್ಲಿ ಕೂತಿತು. ಹಸುವಿನ ಚಿತ್ರವಿದ್ದ ಕಾರ್ಡನ್ನು ನೋಡಿತು. ಎದ್ದು ಒಳಗೆ ಓಡಿ ತನ್ನ ಪ್ಲಾಸ್ಟಿಕ್ ಲೋಟ ತಂದು ಆ ಕಾರ್ಡಿನ ಪಕ್ಕದಲ್ಲಿಟ್ಟು ನನ್ನ ಮುಖ ನೋಡಿತು. ನನಗೆ ಅರ್ಥವಾಗಲಿಲ್ಲ. “ಹಾಕು,” ಎಂದಿತು. ಆಮೇಲೆ ಅಳು ಶುರುವಾಯಿತು. ಹಟದ ಅಳು ಅಲ್ಲ, ಸಣ್ಣ ದನಿಯಲ್ಲಿ ಎಳೆದೆಳೆದು ಅಳುವಂಥದ್ದು.

ತಾಯಿ ಅವಸರ ಮಾಡದೆ ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ಅಂಚು ಸರಿಮಾಡಿ ನನ್ನ ಕೈಗಿಟ್ಟಳು.

“ಕೋಪ ಇಲ್ಲ ಮಿಸ್. ಆದ್ರೆ ಇನ್ಮೇಲೆ ಇದನ್ನ ಹಿಡ್ಕೊಂಡು ಈ ಕಡೆ ಬರ್ಬೇಡಿ.”

ಸೋಪು ಕೊಡಲೋ ಬೇಡವೋ ಎಂದು ಅನುಮಾನಿಸುತ್ತಾ ಚಾಚಿದೆ. ತೆಗೆದುಕೊಂಡಳು. ಸೋಪಿಗೂ ಈಗ ಬರ.

ಮನೆಗೆ ಬಂದು ಅವಳ ಹಾಳೆಯನ್ನು ತೆಗೆದು ನೋಡಿದೆ. ತುಷಾರಿ ಎಂದು ಹೆಸರು. ನಾನೇ ಬರೆದದ್ದು, ನೆನಪೇ ಇರಲಿಲ್ಲ.

ಮಾರ್ಚ್ 31, ಗುರುವಾರ

ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬಂದಿಲ್ಲ. ಮಾರ್ಗದರ್ಶಕಿ ಅಬೇಕೋನ್ ಮೇಡಂ ತಮ್ಮ ಕೋಣೆಯ ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಬೆಳಕಿಗೆ ಹಿಡಿದು ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವರಿಗೆ ಮಗುವಿನ ವಿಷಯ ಹೇಳಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಮೊದಲ ಮೂರು ಸುತ್ತು ಸಾಕು, ಅಲ್ಲಿಗೆ ನಿಲ್ಲಿಸು ಎಂದರು. ಅಂಗಡಿಯಲ್ಲಿ ನಾಲ್ಕು ಪೊಟ್ಟಣ ಇದ್ದಾಗ ಒಂದನ್ನು ಎತ್ತಿಕೊಂಡರೆ ಅದು ಗ್ರಾಹಕರ ಆಯ್ಕೆ. ಒಂದೂ ಇಲ್ಲದಾಗ ನಡೆಯುವುದು ಬೇರೆ ಏನೋ, ಅದಕ್ಕೆ ನಮ್ಮ ವಿಭಾಗದಲ್ಲಿ ಹೆಸರಿಲ್ಲ ಎಂದರು.

ಕಾರ್ಡುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಹಗುರವಾಯಿತು ಅಂದುಕೊಂಡೆ. ಬಸ್ಸಿನಲ್ಲಿ ಬರುವಾಗ, ಈ ಶನಿವಾರ ಏನು ಮಾಡುವುದು ಎಂಬ ಯೋಚನೆ ಬಂತು. ಏನೂ ತೋಚಲಿಲ್ಲ. ಅಸೇಲನಿಗೆ ಮೆಸೇಜ್ ಹಾಕಿದೆ. ನೋಡಿದ್ದಾನೆ, ಉತ್ತರ ಬಂದಿಲ್ಲ.

ಏಪ್ರಿಲ್ 8, ಶುಕ್ರವಾರ

ಗ್ಯಾಸ್ ಮುಗಿದು ಒಂದು ವಾರ. ಇವತ್ತು ಲಾರಿ ಬರುತ್ತದೆ ಎಂದು ಕೆಳಗಿನ ಮನೆಯವರು ಹೇಳಿದ್ದರಿಂದ ಸಿಲಿಂಡರನ್ನು ಹೊತ್ತು ಹೋದೆ. ರಸ್ತೆಯ ಅಂಚಿಗೆ ಉದ್ದಕ್ಕೂ ಸಿಲಿಂಡರುಗಳು, ಅವುಗಳ ಮೇಲೆ ಕೊಡೆ ಹಿಡಿದು ಕೂತ ಜನ. ನನ್ನ ಮುಂದೆ ಇದ್ದವಳು ತಿರುಗಿ ನೋಡಿದಳು. ತುಷಾರಿ.

“ಮಿಸ್‌ಗೂ ಗ್ಯಾಸ್ ಬೇಕಾ? ನಾನು ನೀವು ಕಾರ್ಡಲ್ಲೇ ಅಡುಗೆ ಮಾಡ್ಕೋತೀರಿ ಅನ್ಕೊಂಡಿದ್ದೆ.”

ಸುತ್ತ ಇದ್ದವರು ನಕ್ಕರು. ಒಂದು ಕ್ಷಣ ಮುಖ ಬಿಗಿಯಾಯಿತು, ಆಮೇಲೆ ನನಗೂ ನಗು ಬಂತು.

ಮಧ್ಯಾಹ್ನದ ಹೊತ್ತಿಗೆ ಅವಳು, ಮಗುವಿಗೆ ಊಟ ಮಾಡಿಸಿ ಬರುತ್ತೇನೆ, ಸಾಲು ಸರಿದರೆ ನನ್ನದನ್ನೂ ಒಂದಿಷ್ಟು ತಳ್ಳಿ ಎಂದು ಹೋದಳು. ಕಾಲಿನಿಂದ ಎರಡನ್ನೂ ತಳ್ಳಿಕೊಂಡು ನಿಂತೆ. ಒಬ್ಬ ಮುದುಕ, ಅದು ಯಾರದ್ದು, ಆಳಿಲ್ಲದ ಸಿಲಿಂಡರಿಗೆ ಜಾಗ ಇಲ್ಲ ಎಂದು ತಗಾದೆ ತೆಗೆದ. ನನ್ನ ತಂಗಿಯದು ಎಂದೆ. ಹಾಗೆ ಹೇಳಿದರೆ ಮಾತು ಬೇಗ ಮುಗಿಯುತ್ತದೆ.

ಅವಳು ಬರುವಾಗ ಬಾಳೆಲೆಯಲ್ಲಿ ಅನ್ನ ಕಟ್ಟಿ ತಂದಿದ್ದಳು. ಹಲಸಿನಕಾಯಿ ಸಾರು, ತೆಂಗಿನ ತುರಿಯ ಸಂಬೋಲ. ನನಗೂ ಸೇರಿಸಿ. ಬೇಡ ಎನ್ನುವಷ್ಟರಲ್ಲಿ, “ತಿನ್ನಿ, ಇದಕ್ಕೆ ಒಂದು ಎರಡು ಅಂತ ನಂಬರ್ ಹಾಕೋದೇನೂ ಬೇಕಾಗಿಲ್ಲ,” ಎಂದಳು.

ಲಾರಿ ಬರಲಿಲ್ಲ.

ಏಪ್ರಿಲ್ 12, ಮಂಗಳವಾರ

ಸಹಕಾರಿ ಅಂಗಡಿಗೆ ಹಾಲಿನ ಪುಡಿ ಬಂದಿದೆ ಎಂದು ಯಾರೋ ಹೇಳಿದರು. ಓಡಿದೆ. ತಲೆಗೆ ಒಂದು. ಸಿಕ್ಕಿತು. ಯಾವ ಕಂಪನಿಯದ್ದೆಂದು ಮನೆಯ ಬಾಗಿಲಿಗೆ ಬಂದ ಮೇಲೆ ನೋಡಿದೆ.

ಚೀಲವನ್ನು ಇಳಿಸದೆಯೇ ದಿಬ್ಬ ಹತ್ತಿ ತುಷಾರಿಯ ಮನೆಗೆ ಹೋದೆ. ಸಮೀಕ್ಷೆಗೆ ಉತ್ತರಿಸುವವರಿಗೆ ಅದೇ ಪದಾರ್ಥವನ್ನು ಕೊಡಬಾರದು, ಕೊಟ್ಟರೆ ಆ ಮನೆಯ ಮುಂದಿನ ಉತ್ತರಗಳನ್ನು ನಂಬುವಂತಿಲ್ಲ. ಮೊದಲ ವರ್ಷದ ಮಕ್ಕಳಿಗೆ ಇದನ್ನು ನಾನೇ ಪಾಠ ಮಾಡುತ್ತೇನೆ. ಸಮೀಕ್ಷೆ ಹೇಗೂ ನಿಂತಿದೆಯಲ್ಲ ಎಂದು ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ.

ಅವಳು ಪೊಟ್ಟಣವನ್ನು ನೋಡಿದಳು, ನನ್ನನ್ನು ನೋಡಿದಳು. ಮುಟ್ಟಲಿಲ್ಲ. ಇದೂ ಸಮೀಕ್ಷೆಯೇ ಎಂದು ಕೇಳಿದಳು. ಅಲ್ಲ ಎಂದೆ. ಅತ್ತೆ ಒಳಗಿನಿಂದ ಏನೋ ಗೊಣಗಿದರು. ಆಗ ಅವಳು ಒಂದು ಖಾಲಿ ಡಬ್ಬಿ ತಂದು, ಪೊಟ್ಟಣವನ್ನು ಕತ್ತರಿಸಿ, ಕಣ್ಣಳತೆಯಲ್ಲಿ ಅರ್ಧ ಸುರಿದುಕೊಂಡು, ಉಳಿದದ್ದನ್ನು ರಬ್ಬರ್ ಹಾಕಿ ನನಗೆ ವಾಪಸು ಕೊಟ್ಟಳು.

“ಅರ್ಧ ನಿಮ್ದು. ಪೂರ್ತಿ ತಗೊಂಡ್ರೆ ಋಣ ಆಗುತ್ತೆ. ಆಮೇಲೆ ನಿಮ್ಮನ್ನ ಬೈಯೋಕಾಗಲ್ಲ.”

ಮಗು ನಿಂತಲ್ಲೇ ಕುಡಿಯಿತು. ಅವಳ ಹೆಸರು ಸಂದಲಿ. ಕುಡಿದಾದ ಮೇಲೆ ಲೋಟದೊಳಗೆ ಬೆರಳು ಹಾಕಿ ನೆಕ್ಕಿದಳು, ಬೈಸಿಕೊಂಡಳು.

ಏಪ್ರಿಲ್ 14, ಗುರುವಾರ. ಹೊಸ ವರ್ಷ

ಶುಭ ಮುಹೂರ್ತಕ್ಕೆ ಒಬ್ಬಳೇ ಒಲೆ ಹಚ್ಚುವುದು ಹೇಗೆ, ಗ್ಯಾಸೂ ಇಲ್ಲವಲ್ಲ ಎಂದು ಕೂತಿದ್ದಾಗ ತುಷಾರಿಯ ಗಂಡ ನಿಹಾಲ್ ಮನೆ ಬಾಗಿಲಿಗೆ ಬಂದ. ಹೆಂಡತಿ ಕರೆದುಕೊಂಡು ಬಾ ಎಂದಿದ್ದಾಳೆ ಎಂದ. ಆಟೊದಲ್ಲಿ ಪೆಟ್ರೋಲಿಲ್ಲ, ನಡೆದೇ ಹೋಗಬೇಕು ಎಂದು ನಾಚಿಕೊಂಡು ಹೇಳಿದ.

ಮೂರು ಕಲ್ಲಿನ ಒಲೆ, ಸೌದೆ. ಕಿರಿಬತ್ತನ್ನು, ಅಂದರೆ ಹಬ್ಬದ ಹಾಲನ್ನವನ್ನು, ಬಾಳೆಲೆಯ ಮೇಲೆ ತಟ್ಟಿ ಚೌಕವಾಗಿ ಕತ್ತರಿಸಿದರು. ಅನ್ನ ಬೆಂದದ್ದು ತೆಂಗಿನ ಹಾಲಿನಲ್ಲಿ, ಅದಕ್ಕೆ ಯಾವ ಹಡಗೂ ಬರಬೇಕಾಗಿಲ್ಲ ಎಂದರು ಅತ್ತೆ. ಪೆಟ್ರೋಲಿನ ಸಾಲಿನಲ್ಲಿ ಆಟೊದೊಳಗೇ ಮಲಗಿ ಮಲಗಿ ಈಗ ಮನೆಯ ಚಾಪೆಯಲ್ಲಿ ಕಾಲು ಚಾಚಿದರೆ ನಿದ್ದೆ ಬರುತ್ತಿಲ್ಲ ಎಂದ ನಿಹಾಲ್. ಬೈನೆ ಬೆಲ್ಲ ಕಚ್ಚಿಕೊಂಡು ಹಾಲಿಲ್ಲದ ಚಹಾ ಕುಡಿದೆವು. ಸಂದಲಿ ನನ್ನ ಮಡಿಲಲ್ಲಿ ನಿದ್ದೆ ಹೋದಳು. ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.

ಅಸೇಲ ಕರೆ ಮಾಡಿದ್ದಾನೆ. ಚೀಲ ಒಳಗಿತ್ತು, ಕೇಳಿಸಲಿಲ್ಲ. ನಾಳೆ ಮಾಡಬೇಕು.

ಮೇ 11, ಬುಧವಾರ

ಕರ್ಫ್ಯೂ. ಕೊಲಂಬೊದಲ್ಲಿ ಬೆಂಕಿ, ಹೊಡೆದಾಟ. ಇಲ್ಲಿ ಏನೂ ಇಲ್ಲ, ಸದ್ದೇ ಇಲ್ಲ. ರೊಟ್ಟಿ ಮಾಡಿದೆ. ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ ಎಂದು ಹೊಳೆದು, ದನಿ ಇದೆಯೋ ನೋಡೋಣ ಎಂದು ಕೆಮ್ಮಿದೆ.

ಮೇ 12, ಗುರುವಾರ

ಹಾಗೇ.

ಮೇ 22, ಭಾನುವಾರ

ವೀಸಾ ಆಗಿದೆಯಂತೆ. ಅಸೇಲ ತುಂಬ ಉತ್ಸಾಹದಲ್ಲಿದ್ದ, ಬಹಳ ದಿನಗಳ ನಂತರ. ಅಲ್ಲೇನಿದೆ ಇನ್ನು, ಪ್ರಬಂಧ ಇಲ್ಲಿಂದಲೇ ಬರೆಯಬಹುದು, ಹೊರಟು ಬಾ ಎಂದ. ಸಂತೋಷವಾಯಿತು ಎಂದೆ. ಆಗಿರಬೇಕು. ಆಮೇಲೆ ಪೆಟ್ರೋಲ್ ಸಾಲಿನ ಸುದ್ದಿ ಬಂತು. ನಿಹಾಲನ ಆಟೊ ಮೊನ್ನೆಯಿಂದ ಅಲ್ಲೇ ಇದೆ, ಅವನಿಗೆ ಊಟ ತಲುಪಿಸಲು ನಾನೂ ತುಷಾರಿಯೂ ಸರದಿ ಮಾಡಿಕೊಂಡಿದ್ದೇವೆ ಎಂದೆ.

“ನಿಹಾಲ್ ಯಾರು?” ಎಂದ.

ಹೇಳಿದ್ದೆ ಅಂದುಕೊಂಡಿದ್ದೆ. ಹೇಳಿರಲಿಲ್ಲವೇನೋ.

ಜೂನ್ 18, ಶನಿವಾರ

ತುಷಾರಿ ಕುವೈತಿಗೆ ಹೋಗುತ್ತಾಳಂತೆ. ಯಾರದೋ ಮನೆಗೆಲಸಕ್ಕೆ. ಚಿಕ್ಕ ಮಕ್ಕಳ ತಾಯಂದಿರೂ ಹೋಗಬಹುದು ಎಂದು ಈಗ ನಿಯಮ ಸಡಿಲಿಸುತ್ತಿದ್ದಾರಂತೆ, ಏಜೆಂಟ್ ಹೇಳಿದನಂತೆ. ಅಕ್ಕಿ ಆರಿಸುತ್ತಾ, ನಾಳೆ ಪೇಟೆಗೆ ಹೋಗುತ್ತೇನೆ ಎನ್ನುವ ಹಾಗೆ ಹೇಳಿದಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ನಾನು ವಾದ ಮಾಡಿದೆ. ಈ ಕಷ್ಟ ಇನ್ನೆಷ್ಟು ದಿನ, ಸಾಲುಗಳು ಕರಗುತ್ತವೆ, ಹಡಗುಗಳು ಬರುತ್ತವೆ ಎಂದೆ. ಅವಳು ಅಕ್ಕಿಯಿಂದ ತಲೆಯೆತ್ತಲಿಲ್ಲ. ಕೊನೆಗೆ ಬಾಯಿ ಜಾರಿತು.

“ಸಂದಲಿಗೆ ಇನ್ನೂ ನಾಲ್ಕು ವರ್ಷ ತಂಗಿ. ಅವಳನ್ನ ಬಿಟ್ಟು ಹೋಗೋಕೆ ನಿನಗೆ ಹೇಗೆ ಮನಸ್ಸು ಬರುತ್ತೆ?”

ಆಗ ಮೊರವನ್ನು ಕೆಳಗಿಟ್ಟಳು.

“ನೀವೂ ಹೋಗ್ತೀರಲ್ಲ ಅಕ್ಕಾ, ಮೆಲ್ಬರ್ನ್‌ಗೆ. ನಿಮ್ಮನ್ನ ಯಾರೂ ಹೀಗೆ ಕೇಳಲ್ಲ. ಯಾಕಂದ್ರೆ, ಬಿಟ್ಟು ಹೋಗೋಕೆ ನಿಮಗಿಲ್ಲಿ ಯಾರೂ ಇಲ್ಲ.”

ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ. ದಿಬ್ಬ ಇಳಿಯುವಾಗ ಸಂದಲಿ ಹಿಂದಿನಿಂದ ಕರೆಯುತ್ತಿದ್ದಳು. ತಿರುಗಿದರೆ ಮುಖ ಕಾಣುತ್ತದೆ ಎಂದು ತಿರುಗಲಿಲ್ಲ.

ಜೂನ್ 26, ಭಾನುವಾರ

ಹೋಗಲಿಲ್ಲ. ಪ್ರಬಂಧದ ಎರಡನೆಯ ಅಧ್ಯಾಯ ತಿದ್ದಿದೆ.

ಜುಲೈ 3, ಭಾನುವಾರ

ಹೋಗಲಿಲ್ಲ. ಪೇಟೆಯಲ್ಲಿ ನಿಹಾಲ್ ಕಂಡ, ದೂರದಲ್ಲಿ. ಕೈ ಎತ್ತಿದ. ನಾನೂ ಎತ್ತಿದೆ.

ಜುಲೈ 10, ಭಾನುವಾರ

ದೇಶದ ಅಧ್ಯಕ್ಷರ ಬಂಗಲೆಗೆ ನುಗ್ಗಿದ ಜನ ಅಲ್ಲಿನ ಈಜುಕೊಳದಲ್ಲಿ ಈಜಾಡುತ್ತಿರುವುದನ್ನು ಕೆಳಗಿನ ಮನೆಯ ಟಿವಿಯಲ್ಲಿ ತೋರಿಸಿದರು. ರಸ್ತೆಯವರೆಲ್ಲ ಹೊರಗೆ ಬಂದು ಮಾತಾಡುತ್ತಿದ್ದರು. ಗಂಡ ಹೆಂಡತಿಗೆ, ಹೆಂಡತಿ ಪಕ್ಕದವಳಿಗೆ, ಪಕ್ಕದವಳು ಮೀನು ಮಾರುವವನಿಗೆ. ನಾನು ಮೆಟ್ಟಿಲ ಮೇಲೆ ನಿಂತು ಎಲ್ಲರದ್ದನ್ನೂ ಕೇಳಿಸಿಕೊಂಡೆ. ಯಾರಾದರೂ ನನ್ನ ಕಡೆ ನೋಡಿದರೆ ಹೇಳಲೆಂದು ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಆ ಮಾತು ಏನೆಂದು ಮರೆತುಹೋಯಿತು.

ಜುಲೈ 23, ಶನಿವಾರ

ಮಧ್ಯಾಹ್ನ ಯಾರೋ ಮೆಟ್ಟಿಲು ಹತ್ತುವ ಸದ್ದು. ತುಷಾರಿ. ನನ್ನ ಕೋಣೆಗೆ ಅವಳು ಬಂದದ್ದು ಇದೇ ಮೊದಲು. ಬಾಗಿಲಲ್ಲೇ ನಿಂತು, ಹೊಸ ಫೋನ್ ತಗೊಂಡೆ, ಮುಖ ಕಾಣೋ ಹಾಗೆ ಮಾತಾಡೋದು ಹೇಗೆ ಅಂತ ಹೇಳಿಕೊಡಿ ಎಂದಳು. ಒಳಗೆ ಕರೆದೆ. ಕೋಣೆಯನ್ನೆಲ್ಲ ಒಮ್ಮೆ ನೋಡಿದಳು: ಮಂಚ, ಮೇಜು, ಪುಸ್ತಕದ ರಾಶಿ, ಕಿಟಕಿಯಲ್ಲಿ ಒಣಗಲು ಹಾಕಿದ ಒಂದು ಟವೆಲ್ಲು.

ಚಹಾಕ್ಕೆ ನೀರಿಟ್ಟೆ. ಅವಳೇ ಎದ್ದು ಪಾತ್ರೆಯ ಬುಟ್ಟಿಯಲ್ಲಿ ಹುಡುಕಿದಳು.

“ಅಕ್ಕಾ, ಇನ್ನೊಂದು ಲೋಟ ಎಲ್ಲಿ?”

ಒಡೆದುಹೋಯಿತು ಎಂದೆ. ನಿಜ ಹೇಳಬೇಕೆಂದರೆ ಈ ಕೋಣೆಗೆ ಬಂದ ಮೇಲೆ ಎರಡನೆಯದನ್ನು ಕೊಂಡೇ ಇಲ್ಲ. ಮೊದಲು ಅವಳು ಕುಡಿದಳು, ತೊಳೆದು ಕೊಟ್ಟಳು, ಆಮೇಲೆ ನಾನು ಕುಡಿದೆ.

ಅವತ್ತು ಹಾಗೆ ಹೇಳಬಾರದಿತ್ತು ಎಂದಳು. ನಾನೂ ಹೇಳಬಾರದಿತ್ತು ಎಂದೆ. ಅಷ್ಟರಲ್ಲೇ ಮುಗಿಯಿತು. ವಿಡಿಯೊ ಕರೆ ಮಾಡುವುದನ್ನು ಕಲಿಸಿದೆ. ಅವಳು ಮಂಚದ ಮೇಲೆ, ನಾನು ಬಾಗಿಲಾಚೆ ಮೆಟ್ಟಿಲ ಮೇಲೆ. ಪರದೆಯಲ್ಲಿ ನನ್ನನ್ನು ನೋಡಿ, ಅಕ್ಕಾ ನೀವು ಸೊರಗಿದ್ದೀರಿ ಎಂದಳು. ಎದುರಿಗೆ ಕೂತಾಗ ಹೇಳಿರಲಿಲ್ಲ.

ಹೊರಡುವಾಗ, ಇದನ್ನು ಕೇಳಲೆಂದೇ ಬಂದದ್ದು ಎಂದಳು. “ಶುಕ್ರವಾರ ಮಧ್ಯಾಹ್ನ ಸ್ವಲ್ಪ ಬಿಡುವು ಕೊಡ್ತಾರಂತೆ. ಅತ್ತೇದು ಹಳೇ ಫೋನು, ಮುಖ ಕಾಣ್ಸಲ್ಲ, ಇವ್ರು ಆಟೊ ಹಿಡ್ಕೊಂಡು ಎಲ್ಲಿರ್ತಾರೋ. ನಿಮ್ಮ ಫೋನ್ ತಗೊಂಡು ನಮ್ಮನೆಗೆ ಹೋಗ್ತೀರಾ? ನೀವು ಮೆಲ್ಬರ್ನ್‌ಗೆ ಹೋಗೋ ತನಕ ಸಾಕು.”

ಆಯ್ತು ಎಂದೆ.

ಆಗಸ್ಟ್ 30, ಮಂಗಳವಾರ

ಲೆಕ್ಕಗಳು ಮುಗಿದವು. ಮೂರು ಸುತ್ತಿನಿಂದ ಇಷ್ಟು ಹೊರಬಿದ್ದಿದೆ: ಮಗುವಿಗೆ ರುಚಿ ಹತ್ತಿದ ಪುಡಿಯನ್ನು ತಾಯಿ ಸುಲಭಕ್ಕೆ ಬದಲಾಯಿಸುವುದಿಲ್ಲ. ಬೆಲೆ ಏರಿದರೆ ಮೊದಲು ತನ್ನ ಚಹಾದ ಹಾಲನ್ನು ಬಿಡುತ್ತಾಳೆ, ಆಮೇಲೆ ಗಂಡನದ್ದನ್ನು. ಪೊಟ್ಟಣ ಬದಲಾಗುವುದು ಎಲ್ಲಕ್ಕಿಂತ ಕೊನೆಗೆ. ಅಬೇಕೋನ್ ಮೇಡಂಗೆ ಬಹಳ ಹಿಡಿಸಿತು. ಇದನ್ನು ಯಾರೂ ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ ಎಂದರು.

ಪಟ್ಟಿಯನ್ನು ನೋಡುತ್ತಾ ಮೂವತ್ತೊಂಬತ್ತೇ ಮನೆ ಇವೆಯಲ್ಲ ಎಂದರು. ಹದಿನೇಳನೆಯದನ್ನು ತೆಗೆದಿದ್ದೇನೆ, ಆ ಮನೆಗೆ ನಾನು ಹಾಲಿನ ಪುಡಿ ಕೊಟ್ಟಿದ್ದೆ ಎಂದೆ. ಯಾವಾಗ ಎಂದು ಕೇಳಿದರು. ಏಪ್ರಿಲ್‌ನಲ್ಲಿ.

“ಆಮೇಲೆ ಕೊಟ್ಟಿದ್ದಲ್ವಾ ಮನೋರಿ. ಈ ಮೂರು ಸುತ್ತು ಅದಕ್ಕಿಂತ ಮುಂಚಿನವು. ಅವೇನೂ ಕೆಟ್ಟಿಲ್ಲ.”

“ಕೆಟ್ಟಿಲ್ಲ ಮೇಡಂ. ಆದ್ರೆ ನನಗೀಗ ಅವಳ ವಿಷಯ ತುಂಬಾ ಗೊತ್ತು.”

ಮೇಡಂ ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಪೆನ್ನು ತೆಗೆದು ನಲವತ್ತನ್ನು ಹೊಡೆದು ಮೂವತ್ತೊಂಬತ್ತು ಎಂದು ಬರೆದರು. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಬರುತ್ತದೆ: ಒಂದು ಮನೆಯನ್ನು ವಿಶ್ಲೇಷಣೆಯಿಂದ ಕೈಬಿಡಲಾಗಿದೆ.

ಅಸೇಲನ ಮೆಸೇಜ್ ಇದೆ. ಟಿಕೆಟ್ ಯಾವ ತಿಂಗಳಿಗೆ ತೆಗೆಯಲಿ ಎಂದು ಕೇಳಿದ್ದಾನೆ. ಉತ್ತರಿಸಬೇಕು.

ಸೆಪ್ಟೆಂಬರ್ 17, ಶನಿವಾರ

ಬೆಳಗಿನ ರೈಲಿಗೆ ತುಷಾರಿ ಹೊರಟಳು. ನಿಹಾಲ್ ವಿಮಾನ ನಿಲ್ದಾಣದವರೆಗೆ ಜೊತೆಗೆ ಹೋಗಿದ್ದಾನೆ. ಸಂದಲಿಗೆ, ಅಮ್ಮ ಬಟ್ಟೆ ತರಲು ಪೇಟೆಗೆ ಹೋಗುತ್ತಾಳೆ ಎಂದು ಹೇಳೋಣ ಎಂದಿದ್ದರು ಅತ್ತೆ. ತುಷಾರಿ ಒಪ್ಪಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಮಗುವಿನ ಎದುರು ಕುಕ್ಕರಗಾಲಿನಲ್ಲಿ ಕೂತು, ವಿಮಾನದಲ್ಲಿ ಹೋಗುತ್ತೇನೆ, ಬಹಳ ದಿನ ಬರುವುದಿಲ್ಲ, ಆಮೇಲೆ ಬರುತ್ತೇನೆ ಎಂದು ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಸಂದಲಿ ತಲೆಯಾಡಿಸಿದಳು. ಅವಳಿಗೆ ಬಹಳ ದಿನ ಎಂದರೆ ಎಷ್ಟೋ.

ನನ್ನನ್ನು ತಬ್ಬಿಕೊಳ್ಳಲಿಲ್ಲ. ನನ್ನ ಸೀರೆಯ ನೆರಿಗೆ ಸರಿಯಿಲ್ಲ ಎಂದು ಬಗ್ಗಿ ಸರಿಮಾಡಿದಳು. ರೈಲು ಅಲುಗಿದ ಮೇಲೆ ಕಿಟಕಿಯಿಂದ, “ಅಕ್ಕಾ, ಅತ್ತೆ ಅವಳಿಗೆ ಸಕ್ಕರೆ ಜಾಸ್ತಿ ಹಾಕ್ತಾರೆ, ನೋಡ್ಕೊಳಿ,” ಎಂದಳು. ಅದೇ ಕೊನೆಯ ಮಾತು.

ದಿಬ್ಬ ಹತ್ತುವಾಗ ಸಂದಲಿ ನನ್ನ ಕೈ ಹಿಡಿದಿದ್ದಳು. ಅತ್ತೆ ಮುಂದೆ ಮುಂದೆ ಹೋಗುತ್ತಿದ್ದರು, ಹಿಂದೆ ನೋಡದೆ. ಮನೆಗೆ ಹೋಗಿ ಒಲೆ ಹಚ್ಚಿ ಬೇಳೆ ಬೇಯಿಸಿದೆ. ಎಲ್ಲಿ ಏನಿದೆ ಎಂದು ಕೇಳಬೇಕಾಗಲಿಲ್ಲ.

ಸೆಪ್ಟೆಂಬರ್ 23, ಶುಕ್ರವಾರ

ಕರೆ ಬರಲಿಲ್ಲ. ಕತ್ತಲಾಗುವವರೆಗೆ ಕಾದೆವು.

ಸೆಪ್ಟೆಂಬರ್ 30, ಶುಕ್ರವಾರ

ಬರಲಿಲ್ಲ. ಸಂದಲಿಗೆ ಸಣ್ಣ ಜ್ವರ. ಅತ್ತೆ ಏಜೆಂಟನಿಗೆ ಶಾಪ ಹಾಕಿದರು. ನಿಹಾಲ್ ಅವನ ಅಂಗಡಿಗೆ ಹೋಗಿ ಬಂದ. ತಲುಪಿದ್ದಾಳೆ, ಮನೆಯೊಡತಿ ಫೋನ್ ತೆಗೆದಿಟ್ಟುಕೊಂಡಿದ್ದಾಳೆ, ಕೊಡುತ್ತಾರೆ ಎಂದನಂತೆ. ನಿಹಾಲ್ ಇದನ್ನು ಹೇಳುವಾಗ ನೆಲ ನೋಡುತ್ತಿದ್ದ. ರಾತ್ರಿ ಅಲ್ಲೇ ಉಳಿದೆ.

ಅಕ್ಟೋಬರ್ 7, ಶುಕ್ರವಾರ

ಸಂಜೆಯ ಮೊದಲು ಫೋನ್ ಹೊಡೆದುಕೊಂಡಿತು.

ತುಷಾರಿಯ ಮುಖ ಸಣ್ಣದಾಗಿದೆ. ತಲೆಗೆ ಕಪ್ಪು ಬಟ್ಟೆ ಸುತ್ತಿದ್ದಳು. ಹಿಂದೆ ಬಿಳಿ ಗೋಡೆ, ಒಂದು ಬಟ್ಟೆ ಒಗೆಯುವ ಯಂತ್ರ. ಚೆನ್ನಾಗಿದ್ದೇನೆ ಎಂದಳು. ಕೆಲಸ ಬಹಳ, ಜನ ಕೆಟ್ಟವರಲ್ಲ, ಊಟ ಕೊಡುತ್ತಾರೆ ಎಂದಳು. ಹೇಳುವಾಗ ಬಾಗಿಲ ಕಡೆ ನೋಡುತ್ತಿದ್ದಳು. ಅತ್ತೆ ಪರದೆಯನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದರು, ಮಾತಾಡಲಾಗದೆ ತೆಂಗಿನಕಾಯಿ ತುರಿಯಲು ಕೂತರು.

ಸಂದಲಿ ಫೋನಿನ ಹತ್ತಿರ ಬರಲೇ ಇಲ್ಲ. ನಾನು ಕರೆದೆ. ಅಮ್ಮ ನೋಡು ಎಂದೆ. ನನ್ನ ಬೆನ್ನ ಹಿಂದೆ ಅವಿತು, ರೊಟ್ಟಿಯ ಚೂರನ್ನು ಬಾಯಿಗೆ ತುರುಕಿಕೊಂಡಳು. ಎತ್ತಿ ಮಡಿಲಲ್ಲಿ ಕೂರಿಸಿದೆ, ಕೈಗಳಿಂದ ಕಣ್ಣು ಮುಚ್ಚಿಕೊಂಡಳು.

“ಬಿಡಿ ಅಕ್ಕಾ, ಬಲವಂತ ಮಾಡ್ಬೇಡಿ,” ಎಂದಳು ತುಷಾರಿ. “ಫೋನ್ ಅವಳ ಪಕ್ಕ ಇಟ್ಬಿಡಿ. ಅವಳು ತಿನ್ನೋದಾದ್ರೂ ಕೇಳಿಸ್ಲಿ.”

ಫೋನನ್ನು ಚಾಪೆಯ ಮೇಲೆ ಮಲಗಿಸಿ ಇಟ್ಟೆ. ಅಲ್ಲಿ ಅವಳಿಗೆ ಸೂರಿನ ಹಂಚಷ್ಟೇ ಕಾಣುತ್ತಿದ್ದಿರಬೇಕು. ಮುಖ ಕಾಣದಾದ ಮೇಲೆ ಸಂದಲಿ ಇಳಿದು ಅದರ ಪಕ್ಕದಲ್ಲೇ ಕೂತು ತಿನ್ನತೊಡಗಿದಳು. ರೊಟ್ಟಿ ಗಟ್ಟಿಯಾಗಿತ್ತು, ಅಗಿಯುವ ಸದ್ದು ಚೆನ್ನಾಗಿ ಕೇಳುತ್ತಿತ್ತು. ಅತ್ತೆ ಕಾಯಿ ತುರಿಯುತ್ತಿದ್ದರು. ಕೆಳಗೆ ಹಳಿಯ ಮೇಲೆ ರೈಲು ಹೋಯಿತು.

“ಇವತ್ತು ಲೇಟು,” ಎಂದಳು ತುಷಾರಿ.

“ಹೌದು,” ಎಂದೆ.

ಯಾರೂ ಫೋನ್ ಇಡಲಿಲ್ಲ.